ಬನಹಟ್ಟಿಯ ಖಾಲಿ ಕುರ್ಚಿ

ಬಾಗಲಕೋಟೆಯಲ್ಲಿ ಬಸ್ಸು ಹತ್ತುವಾಗಲೇ ಬಿಸಿಲು ಏರಿತ್ತು. ಅನಗವಾಡಿ ಸೇತುವೆ ದಾಟಿ ಬೀಳಗಿ ಮುಟ್ಟುವಷ್ಟರಲ್ಲಿ ನನ್ನ ಮೊಣಕಾಲು ಹಿಡಿದುಕೊಂಡವು. ಅಲ್ಲಿಂದ ಜಮಖಂಡಿವರೆಗೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ನಾನು ವಯಸ್ಸಾದ ಕ್ರೈಸ್ತ ಸಭಾಪಾಲಕ. ದೇವರ ರಾಜ್ಯ ಬರುತ್ತದೆ ಎಂದು ಊರೂರು ಸುತ್ತಿ ಬೋಧಿಸುವವನು. ಖರೆ ಹೇಳಬೇಕೆಂದರೆ, ಈಚೆಗೆ ಆ ಮಾತು ಬಾಯಿಂದ ಬರುತ್ತಿತ್ತೇ ಹೊರತು ಎದೆಯಿಂದಲ್ಲ. ದಣಿದುಹೋಗಿದ್ದೆ.

ಹೊರಟದ್ದು ಬನಹಟ್ಟಿಯ ಶಾಂತವ್ವನಿಗಾಗಿ. ಆಕೆ ನಮ್ಮ ಸಭೆಯವಳು, ಊರಿನ ಸಾವಕಾರನ ಮಗ್ಗದಲ್ಲಿ ದುಡಿಯುವವಳು. ಹಿಪ್ಪರಗಿ ರಸ್ತೆಯಲ್ಲಿ ಒಂದು ಮುಸ್ಸಂಜೆ ಆಕೆಯ ಗಂಡನ ಮೇಲೆ ಟ್ರ್ಯಾಕ್ಟರು ಹಾಯ್ದು ಆತ ತೀರಿಹೋಗಿದ್ದ. ಓಡಿಸುತ್ತಿದ್ದವನು ಸಾವಕಾರನ ಮಗ. ಜೈಲು ಸೇರಿದವನು ಅವರ ಡ್ರೈವರ್. ಕಣ್ಣಾರೆ ಕಂಡವಳು ಶಾಂತವ್ವ ಒಬ್ಬಳೇ. ಮರುದಿನ ಜಮಖಂಡಿ ಕೋರ್ಟಿನಲ್ಲಿ ಆಕೆಯ ಸಾಕ್ಷಿಯಿತ್ತು. ಜೊತೆಗೆ ಯಾರಾದರೂ ಬೇಕೆಂದು ಕರೆದಿದ್ದಳು.

ಅಂದು ರವಿವಾರ. ಸಂಜೆ ಶಾಂತವ್ವನ ಮನೆಯಲ್ಲಿ ಪ್ರಾರ್ಥನೆಗೆ ಕೂತವರು ನಾವಿಬ್ಬರೇ. ಬರುತ್ತಿದ್ದ ಉಳಿದ ಎರಡು ಮನೆಯವರು ಸಾವಕಾರನಿಗೆ ಹೆದರಿ ಬಂದಿರಲಿಲ್ಲ. ಶಾಂತವ್ವನ ಮನೆಯಲ್ಲೊಂದು ರೂಢಿಯಿದೆ. ಇರುವ ಒಂದೇ ಕುರ್ಚಿಗೆ ಮಗ್ಗದ ಹೊಸ ಬಟ್ಟೆ ಹಾಸಿ, ಪ್ರಾರ್ಥನೆ ಮುಗಿಯುವ ತನಕ ಖಾಲಿ ಬಿಡುತ್ತಾರೆ. ಅದು ಅರಸನಾದ ಯೇಸುವಿನದು. ಬೋಧಕನಿಗೂ ಚಾಪೆಯೇ ಗತಿ. ಮೊಣಕಾಲು ನೋವಿಗೆ ಆ ಕುರ್ಚಿಯ ಮೇಲೆ ನನಗೆ ಆಸೆಯಾದದ್ದು ಸುಳ್ಳಲ್ಲ.

ಪ್ರಾರ್ಥನೆಯ ನಡುವೆಯೇ ಸಾವಕಾರ ಬಂದ. ಸೀದಾ ಕುರ್ಚಿಯತ್ತ ನಡೆದ. ಶಾಂತವ್ವ ಎದ್ದು ಅಡ್ಡ ನಿಂತಳು.

"ಅಲ್ಲಿ ಬ್ಯಾಡ್ರಿ ಸಾವಕಾರ್ರ. ಅದು ನಮ್ಮ ಅರಸಂದು. ನೀವು ಚಾಪಿ ಮ್ಯಾಲ ಕೂಡ್ರಿ."

ಆತ ಕೂಡಲಿಲ್ಲ. ಕತ್ತಲಲ್ಲಿ ಯಾರೂ ಕಾಣಿಸಲಿಲ್ಲ ಎಂದು ಕೋರ್ಟಿನಲ್ಲಿ ಹೇಳಿದರೆ ಎಲ್ಲರಿಗೂ ಒಳ್ಳೆಯದು, ಕೆಲಸ ಕೊಟ್ಟವರಿಗೆ ಬಿಡಿಸಲೂ ಬರುತ್ತದೆ ಎಂದು ನಿಂತಲ್ಲೇ ಮೆಲ್ಲಗೆ ಹೇಳಿ ಹೋದ. ನಾನು ಚಾಪೆ ಬಿಟ್ಟು ಏಳಲೇ ಇಲ್ಲ. ಆತ ಓಣಿ ದಾಟಿದ ಮೇಲೆ, ಹೆದರಿಕೆ ಇಲ್ಲವೇ ಎಂದು ಆಕೆಯನ್ನು ಕೇಳಿದೆ.

"ಐತ್ರಿ ಅಯ್ಯನವರ. ಆದ್ರ ಸಾವಕಾರನ ಮ್ಯಾಲೂ ಒಬ್ಬಾಂವ ಅದಾನಲ್ರಿ."

ಹಾಗೆಂದು ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಪುಂಡಿಪಲ್ಯದ ಜೊತೆ ಎರಡು ತಿಂದೆ. ಓಣಿಯ ಪಾವರ್‌ಲೂಮುಗಳ ಸದ್ದಿನಲ್ಲಿ ನಿದ್ದೆ ಸರಿಯಾಗಿ ಬರಲಿಲ್ಲ.

ಸೋಮವಾರ ಜಮಖಂಡಿ ಬಸ್ಸಿನಲ್ಲಿ ಹೆಂಗಸೆಂದು ಆಕೆಗೆ ಪುಕ್ಕಟೆ, ನನಗೆ ಪೂರ್ತಿ ಟಿಕೆಟ್. ಕೋರ್ಟಿನಲ್ಲಿ ಮಧ್ಯಾಹ್ನದವರೆಗೂ ಕಾದೆವು. ಮಬ್ಬಿನಲ್ಲಿ ಹೇಗೆ ಕಂಡಿತು ಎಂದು ಸಾವಕಾರ ಇಟ್ಟ ವಕೀಲ ತಿರುತಿರುಗಿ ಕೇಳಿದ. ಶಾಂತವ್ವ ಹಿಂದೆ ಕೂತಿದ್ದ ಸಾವಕಾರನ ಮಗನತ್ತ ಕೈ ಮಾಡಿದಳು.

"ಇಂವಾ ಓಡಸಾಕತ್ತಿದ್ದ. ಆ ಡ್ರೈವರ್ ಅಲ್ಲಿ ಇರಲೇ ಇಲ್ರಿ."

ಕಟಕಟೆಯಲ್ಲಿದ್ದ ಡ್ರೈವರ್ ಮುಖ ಮುಚ್ಚಿಕೊಂಡು ಅತ್ತ. ತೀರ್ಪು ಇನ್ನೂ ದೂರವಿತ್ತು. ಮುಂದಿನ ತಾರೀಖು ಕೊಟ್ಟರು. ಹೊರಗೆ ಬರುತ್ತಲೇ ಆಕೆಗೆ ಫೋನು ಬಂತು. ನಾಳೆಯಿಂದ ಮಗ್ಗಕ್ಕೆ ಬರಬೇಡ ಎಂದು ಸಾವಕಾರ ಹೇಳಿಕಳಿಸಿದ್ದ.

"ಇರ್ಲಿ ಬಿಡ್ರಿ. ಆ ಡ್ರೈವರ್ ಮನಿ ಮುಟ್ಟಲಿ" ಎಂದು ಆಕೆಯೇ ನನ್ನನ್ನು ಮುಧೋಳದ ಬಸ್ಸಿಗೆ ಹತ್ತಿಸಿದಳು.

ಒಂದು ಕಾಲಕ್ಕೆ ಜಮಖಂಡಿಗೊಬ್ಬ ರಾಜ, ಮುಧೋಳಕ್ಕೊಬ್ಬ ರಾಜ. ಅವರ ಮಾತಿಗೂ ಜನ ಹೀಗೇ ಹೆದರಿರಬೇಕು. ಕಿಟಕಿಗೆ ತಲೆ ಆನಿಸಿ, ನಿನ್ನ ರಾಜ್ಯ ಬೇಗ ಬರಲಿ ಸ್ವಾಮಿ ಎಂದು ಎಷ್ಟೋ ದಿನಗಳ ಮೇಲೆ ಮನಸ್ಸಿಟ್ಟು ಬೇಡಿಕೊಂಡೆ. ಶಾಂತವ್ವನಿಗೆ ಮರುದಿನ ಕೆಲಸವಿರಲಿಲ್ಲ.