ಅಕ್ಕನ ಗಂಡ ಅಮ್ಮನಿಗೆ ಏನಾಗಬೇಕು?

ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಗ ನಾವು ಮುಂಬಯಿ ಹತ್ತಿರದ ಕಳವಾದಲ್ಲಿದ್ದೆವು. ಒಂದು ಕೋಣೆ, ಅದರ ಹಿಂದೆ ಅಡುಗೆಗೆ ಒಂದಿಷ್ಟು ಜಾಗ. ನನ್ನ ಗಂಡ ಪಕ್ಕದ ಠಾಣೆ ನಗರದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಬೆಳಿಗ್ಗೆ ಐದಕ್ಕೆ ಹೋದರೆ ಬರುವುದು ರಾತ್ರಿಗೆ. ಮನೆಯ ಮಾತು ತುಳು, ಮಗಳ ಶಾಲೆ ಕನ್ನಡ, ಗಲ್ಲಿಯ ಮಾತು ಹಿಂದಿ. ಮಗಳು ತುಳುವಿಗೂ ಕನ್ನಡಕ್ಕೂ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದಳು.

ಆಗ ಸ್ಕಾಲರ್‌ಶಿಪ್ ಪರೀಕ್ಷೆ ನಾಲ್ಕನೆಯ ತರಗತಿಗೇ ಇತ್ತು. ಭಾಷೆ, ಗಣಿತ, ಬುದ್ಧಿಮತ್ತೆ ಎಂದು ಮೂರು ವಿಷಯ. ಶಾಲೆಯ ಮಾಸ್ತರರಿಗೆ ಎರಡು ತರಗತಿಗಳನ್ನು ಒಟ್ಟಿಗೇ ನೋಡಿಕೊಳ್ಳುವ ಕೆಲಸ. ದೀಪಾವಳಿ ರಜೆ ಮುಗಿದ ಮೇಲೆ ಒಂದು ದಿನ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ನೀವು ಪಿಯುಸಿ ಓದಿದವರು. ಇಬ್ಬರು ಹುಡುಗಿಯರು ಪರೀಕ್ಷೆಗೆ ಕೂರಬಹುದು. ಒಬ್ಬಳು ನಿಮ್ಮ ಮಗಳೇ. ಸಂಜೆ ಮನೆಯಲ್ಲಿ ಸ್ವಲ್ಪ ನೋಡಿಕೊಳ್ಳುತ್ತೀರಾ?" ಎಂದರು.

ಇನ್ನೊಬ್ಬಳು ಕಲಬುರಗಿ ಕಡೆಯವಳು. ತಂದೆ ತಾಯಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಗಲ್ಲಿಯ ಕೊನೆಗೆ ಏಳುತ್ತಿದ್ದ ಬಿಲ್ಡಿಂಗಿನ ಪಕ್ಕದಲ್ಲೇ ಅವರ ತಗಡಿನ ಶೆಡ್ಡು. ತೆಳ್ಳಗಿನ ಹುಡುಗಿ. ಲೆಕ್ಕ ಮಾಡುವಾಗ ಮಾತ್ರ ತುಟಿ ಅಲುಗಾಡುತ್ತಿತ್ತು, ಉಳಿದ ಹೊತ್ತು ಮಾತು ಕಡಿಮೆ.

ಒಪ್ಪಿಕೊಂಡ ಮೇಲೆ ತಿಳಿಯಿತು, ಕನ್ನಡದಲ್ಲಿ ಗೈಡೇ ಸಿಗುವುದಿಲ್ಲ. ಠಾಣೆ ಸ್ಟೇಷನ್ನಿನ ಹೊರಗಿನ ಪುಸ್ತಕದಂಗಡಿಗಳಲ್ಲಿ ಕೇಳಿದೆ, ಡೊಂಬಿವಲಿಯಲ್ಲಿದ್ದ ನಾದಿನಿಯಿಂದಲೂ ಹುಡುಕಿಸಿದೆ. ಮರಾಠಿ, ಇಂಗ್ಲಿಷ್ ಬಿಟ್ಟರೆ ಇಲ್ಲ. ಕೊನೆಗೆ ಮರಾಠಿಯದನ್ನೇ ತಂದೆ. ಮಾರ್ಕೆಟಿನಲ್ಲಿ ಚೌಕಾಶಿ ಮಾಡುವಷ್ಟು ಮರಾಠಿ ನನಗೆ ಬರುತ್ತಿತ್ತು, ಆದರೆ ಪ್ರಶ್ನೆಪತ್ರಿಕೆಯ ಮರಾಠಿ ಬೇರೆ.

ಪಕ್ಕದ ಮನೆಯಲ್ಲಿ ಪ್ರೆಸ್ಸೊಂದರಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡಿ ನಿವೃತ್ತರಾದ ಮರಾಠಿ ಹಿರಿಯರಿದ್ದರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು, ಅವರು ನನ್ನನ್ನು ಸೊಸೆ ಎನ್ನುವ ಅರ್ಥದಲ್ಲಿ ಸೂನ್‌ಬಾಯಿ ಎಂದು ಕರೆಯುತ್ತಿದ್ದರು. ಅವರಲ್ಲಿ ಹೋಗಿ ಕೇಳಿದೆ. ಮರುದಿನ ಮಧ್ಯಾಹ್ನ ಕನ್ನಡಕ ಒರೆಸಿಕೊಂಡು ಬಂದು ಕೂತರು. ಅವರು ಪ್ರಶ್ನೆ ಓದಿ ಅರ್ಥ ಬಿಡಿಸಿ ಹೇಳುವುದು, ನಾನು ಎರಡು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಕನ್ನಡದಲ್ಲಿ ಒತ್ತಿ ಬರೆಯುವುದು. ದಿನಕ್ಕೆ ಮೂವತ್ತು ಪ್ರಶ್ನೆ ಆಗುವಷ್ಟರಲ್ಲಿ ನನ್ನ ಬೆರಳು ಮರಗಟ್ಟುತ್ತಿತ್ತು. ಅಕ್ಷರ ಕದಡಿ ಕೊಟ್ಟು ಪದ ಹುಡುಕುವ ಪ್ರಶ್ನೆಗಳನ್ನು ಅನುವಾದಿಸಲು ಬರುವುದಿಲ್ಲವಲ್ಲ, ಅವನ್ನು ನಾನೇ ಹೊಸದಾಗಿ ಕಟ್ಟುತ್ತಿದ್ದೆ. ಅಂಬರನಾಥ ಎನ್ನುವ ಸ್ಟೇಷನ್ನಿನ ಹೆಸರನ್ನು ಹಿಂದುಮುಂದು ಮಾಡಿ ಕೊಟ್ಟಾಗ ಇಬ್ಬರೂ ತುಂಬ ಹೊತ್ತು ತಲೆ ಕೆರೆದುಕೊಂಡರು.

ಶೆಡ್ಡಿನ ಹುಡುಗಿ ಶಾಲೆ ಬಿಟ್ಟವಳೇ ನೇರ ನಮ್ಮಲ್ಲಿಗೆ ಬರುತ್ತಿದ್ದಳು. ಕಾಕಾ ಓದುತ್ತಿದ್ದರೆ ಅವರ ಪಕ್ಕ ಕೂತು ಪುಸ್ತಕದಲ್ಲಿ ಅವರ ಬೆರಳು ಸರಿಯುವುದನ್ನು ನೋಡುತ್ತಿದ್ದಳು. ನನ್ನ ಕನ್ನಡ ಅವಳಿಗೆ ಅಷ್ಟು ಸಲೀಸಲ್ಲ. ಒಮ್ಮೆ ಗುಂಪಿಗೆ ಸೇರದ ತರಕಾರಿ ಯಾವುದು ಎಂಬ ಪ್ರಶ್ನೆಯಲ್ಲಿ ನಾನು ಸೌತೆಕಾಯಿಯನ್ನು ನಮ್ಮೂರಿನ ರೂಢಿಯಂತೆ ಮುಳ್ಳುಸೌತೆ ಎಂದು ಬರೆದಿದ್ದೆ. ಅವಳು ಅದಕ್ಕೇ ಗುರುತು ಹಾಕಿದ್ದಳು.

"ಯಾಕೆ?" ಎಂದೆ.

"ಮುಳ್ಳು ಅದೊಂದಕ್ಕೇ ಅದಾವ್ರಿ ಆಂಟಿ," ಎಂದಳು.

ಮಗಳು ನಕ್ಕಳು. ನಾನೂ ನಕ್ಕು, ಅಂದಿನಿಂದ ಪಠ್ಯಪುಸ್ತಕದ ಪದಗಳನ್ನೇ ನೋಡಿ ಬರೆಯತೊಡಗಿದೆ.

ಜನವರಿಯಲ್ಲಿ ನಡೆದದ್ದು ನಗುವ ಸಂಗತಿಯಾಗಿರಲಿಲ್ಲ. ಬುದ್ಧಿಮತ್ತೆಯಲ್ಲಿ ಸಂಬಂಧಗಳ ಪ್ರಶ್ನೆ ಬರುತ್ತದೆ. ನನ್ನ ಅಕ್ಕನ ಗಂಡ ನನ್ನ ತಾಯಿಗೆ ಏನಾಗಬೇಕು? ತಮ್ಮ, ಅಳಿಯ, ಮೈದುನ, ಭಾವ. ಅವಳು ತಮ್ಮ ಎಂದು ಬರೆದಿದ್ದಳು. ನಾನು ಕೆಂಪು ಪೆನ್ನಿನಲ್ಲಿ ಗೀಟೆಳೆದೆ. ಅವಳು ಮತ್ತೊಮ್ಮೆ ನೋಡಿ, "ಇದು ಬರೋಬ್ಬರಿ ಅದರಿ," ಎಂದಳು. ನನಗೆ ಒಲೆಯ ಮೇಲೆ ಗಂಜಿ ಉಕ್ಕುತ್ತಿತ್ತು. "ಇಷ್ಟು ಸುಲಭದ್ದು ತಪ್ಪಿಸಿದರೆ ಹೇಗೆ? ಸ್ವಲ್ಪ ತಲೆ ಉಪಯೋಗಿಸು," ಎಂದು ಒಳಗೆ ಹೋದೆ. ಬರುವಷ್ಟರಲ್ಲಿ ಚೀಲ ಎತ್ತಿಕೊಂಡು ಹೊರಟುಹೋಗಿದ್ದಳು.

ಮರುದಿನ ಭಾನುವಾರ. ಅವಳ ತಾಯಿ ಬಂದರು. ಒಳಗೆ ಬನ್ನಿ ಎಂದರೂ ಬಾರದೆ ಹೊಸ್ತಿಲ ಹತ್ತಿರ ನಿಂತರು.

"ಅಕ್ಕಾರ, ಹುಡುಗಿ ನಿನ್ನೆ ಉಂಡಿಲ್ಲ. ಹಿರೀ ಮಗಳನ್ನ ನಾ ನನ್ನ ಖಾಸಾ ತಮ್ಮಗೇ ಕೊಟ್ಟೀನಿ. ತಮ್ಮ ಅಂತ ಬರದ್ರ ತಪ್ಪು ಹೆಂಗಾಗ್ತದ? ನಮ್ಮ ಸಂಬಂಧನೇ ತಪ್ಪಂತೀರೇನು?"

ಸೋದರಮಾವನಿಗೆ ಹುಡುಗಿಯನ್ನು ಕೊಡುವುದು ಕೇಳಿ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಅದು ಆ ಹಾಳೆಯ ಮೇಲಿದೆ ಎಂದು ನನಗೆ ಹೊಳೆದೇ ಇರಲಿಲ್ಲ. "ತಪ್ಪಲ್ಲ. ನಾನು ಕೇಳದೆ ಗೀಟು ಹಾಕಿದೆ, ಅದು ನನ್ನ ತಪ್ಪು," ಎಂದೆ. ಆಮೇಲೆ ಅವರು ಒಳಗೆ ಬಂದು ಕೂತರು, ಚಹಾ ಕುಡಿದರು. ತಾಯಿಯ ಸೆರಗಿನ ಹಿಂದೆ ನಿಂತಿದ್ದ ಹುಡುಗಿಯನ್ನು ಕರೆದು ಹೇಳಿದೆ, "ನಿನ್ನ ಉತ್ತರ ನಿಮ್ಮ ಮನೆಗೆ ಸರಿ. ಆದರೆ ಅವನು ನಿನ್ನ ಅಮ್ಮನಿಗೆ ಅಳಿಯನೂ ಹೌದಲ್ಲ? ಎಲ್ಲರ ಮನೆಗೂ ಸರಿಹೋಗುವುದು ಯಾವುದೋ ಅದನ್ನು ಹುಡುಕು."

"ಅಳಿಯ," ಎಂದಳು. ತಾಯಿ ಮೆಲ್ಲಗೆ ನಕ್ಕರು.

ಪರೀಕ್ಷೆಯ ದಿನ ಇಬ್ಬರನ್ನೂ ಠಾಣೆಗೆ ಕರೆದುಕೊಂಡು ಹೋದೆ. ಒಂದೇ ಸ್ಟೇಷನ್ನಿನ ದಾರಿ, ಆದರೂ ಗದ್ದಲಕ್ಕೆ ಹೆದರಿ ಎರಡು ಗಾಡಿ ಬಿಟ್ಟು ಮೂರನೆಯದು ಹತ್ತಿದೆವು. ಪರೀಕ್ಷೆಯ ಶಾಲೆಯ ಅಂಗಳದಲ್ಲಿ ಮರಾಠಿ ಮಕ್ಕಳ ಸಾಲುಗಳು ಗೇಟಿನವರೆಗೂ ಇದ್ದವು. ಕನ್ನಡದ ಕೋಣೆ ಮೂಲೆಯಲ್ಲೊಂದು. ಸಂಜೆ ಹೊರಗೆ ಬಂದಾಗ ಮಗಳು ಪಟಪಟ ಮಾತಾಡಿದಳು, ಎಲ್ಲ ಸುಲಭವಿತ್ತು ಎಂದಳು. ಇನ್ನೊಬ್ಬಳು ನಾಲ್ಕು ಪ್ರಶ್ನೆ ಬಿಟ್ಟುಹೋಯಿತು ಎಂದಷ್ಟೇ ಹೇಳಿ ವಡಾಪಾವ್ ತಿಂದಳು.

ಫಲಿತಾಂಶ ಬಂದಾಗ ಮಳೆಗಾಲ ಶುರುವಾಗಿತ್ತು. ಮಾಸ್ತರರು ಇಬ್ಬರ ಅಂಕಪಟ್ಟಿಯನ್ನೂ ನನ್ನ ಕೈಗೇ ಕೊಟ್ಟರು. ಶೆಡ್ಡಿನ ಹುಡುಗಿ ಸ್ಕಾಲರ್‌ಶಿಪ್‌ಗೆ ಆಯ್ಕೆಯಾಗಿದ್ದಳು. ನನ್ನ ಮಗಳಿಗೆ ಕೆಲವೇ ಅಂಕ ಕಡಿಮೆ. "ಆ ಹುಡುಗಿಯ ಮನೆಗೆ ನೀವೇ ತಲುಪಿಸಿ. ಶಾಲೆ ಬಿಟ್ಟ ದಾಖಲೆಯನ್ನೂ ಒಯ್ಯಲು ಹೇಳಿ, ಇಲ್ಲಿ ಐದನೆಯದು ಇಲ್ಲವಲ್ಲ," ಎಂದರು.

ಗಲ್ಲಿಯ ಕೊನೆಯವರೆಗೆ ಹೋಗಲು ಎರಡು ನಿಮಿಷ ಸಾಕು. ನಾನು ಹೋಗಲಿಲ್ಲ. ಮಳೆ ಎಂದು ಒಂದು ದಿನ, ನೆಂಟರೆಂದು ಒಂದು ದಿನ. ನಿಜ ಹೇಳಬೇಕೆಂದರೆ, ಕಾರ್ಬನ್ ಹಾಳೆ ಒತ್ತಿ ಬರೆದದ್ದು ನನ್ನ ಮಗಳಿಗಾಗಿ ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆ. ಆ ಹುಡುಗಿಯ ಅಂಕಪಟ್ಟಿಯನ್ನು ಕಪಾಟಿನಲ್ಲಿ ಸೀರೆಗಳ ಕೆಳಗಿಟ್ಟೆ. ಹತ್ತು ದಿನ ಅದು ಅಲ್ಲೇ ಇತ್ತು.

ಟವೆಲು ಹುಡುಕುತ್ತಿದ್ದ ಮಗಳ ಕೈಗೆ ಅದು ಸಿಕ್ಕಿತು. "ಯೇ ತೋ ಉಸ್ಕಾ ಹೈ ನಾ?" ಇದು ಅವಳದ್ದಲ್ಲವಾ ಎಂದು ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಾಗಿತ್ತು ಎಂದು ನನಗೂ ಗೊತ್ತಾಯಿತು. ಇಬ್ಬರೂ ಕೊಡೆ ಹಿಡಿದು ಹೋದೆವು. ಶೆಡ್ಡು ಬಿಚ್ಚಿದ್ದರು. ಕಟ್ಟಡದ ವಾಚ್‌ಮನ್, ಅವರೆಲ್ಲ ನಾಲ್ಕು ದಿನದ ಹಿಂದೆ ಬದಲಾಪುರದ ಕೆಲಸಕ್ಕೆ ಹೋದರು ಎಂದ. ಅವರ ಮೇಸ್ತ್ರಿ ಮುಕಾದಮನ ನಂಬರು ಕೊಟ್ಟ.

ಶನಿವಾರ ಅಂಕಪಟ್ಟಿ, ಮಾಸ್ತರರಿಂದ ಕೇಳಿ ಪಡೆದ ಶಾಲೆಯ ದಾಖಲೆ ಎರಡನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬೆಳಿಗ್ಗೆಯೇ ಬದಲಾಪುರಕ್ಕೆ ಹೋದೆ. ಸ್ಟೇಷನ್ನಿನಿಂದ ರಿಕ್ಷಾದಲ್ಲಿ ದೂರವೇ ಆಯಿತು. ಹುಡುಗಿ ತಂಗಿಯನ್ನು ಸೊಂಟದ ಮೇಲಿಟ್ಟುಕೊಂಡು ಮರಳಿನ ಗುಡ್ಡೆಯ ಪಕ್ಕ ನಿಂತಿದ್ದಳು. ಶಾಲೆಗೆ ಸೇರಿರಲಿಲ್ಲ. ಹತ್ತಿರದ ಮರಾಠಿ ಶಾಲೆಯಲ್ಲಿ ಕಾಗದ ಇಲ್ಲದೆ ತೆಗೆದುಕೊಳ್ಳುವುದಿಲ್ಲ ಎಂದಿದ್ದರಂತೆ. ಶಾಲೆಯ ಕಾಗದ ಕೇಳಲು ಕಳವಾಕ್ಕೆ ಬರುವುದಕ್ಕೆ ಯಾರಿಗೂ ರಜೆ ಸಿಕ್ಕಿರಲಿಲ್ಲ.

ಅವಳ ತಾಯಿಗೆ ಎಲ್ಲವನ್ನೂ ಹೇಳಿದೆ. ಪಾಸಾದದ್ದನ್ನು ಮೊದಲು ಹೇಳಿದೆ, ಆಮೇಲೆ ಕಪಾಟಿನ ವಿಷಯ. ಅವರು ಕೈಯ ಸಿಮೆಂಟು ತಿಕ್ಕಿ ತೆಗೆಯುತ್ತ ಕೇಳಿದರು.

"ಅಂದ್ರ ನಾವು ಅಲ್ಲಿದ್ದಾಗೇ ಬಂದಿತ್ತೇನ್ರಿ?"

"ಹೌದು."

ಅವರು ಮುಕಾದಮನಿಗೆ ಹೇಳಿ, ಸೀರೆ ಕೊಡವಿಕೊಂಡು, "ನಡೀರಿ, ಶಾಲಿ ಮುಚ್ಚೂಕಿಂತ ಮೊದಲ ಹೋಗೂಣು," ಎಂದರು.

ಮುಖ್ಯ ಶಿಕ್ಷಕಿ ಕಾಗದಗಳನ್ನು ನೋಡಿ ಅನುಮಾನಿಸಿದರು. ಕನ್ನಡದಲ್ಲಿ ಓದಿದ ಹುಡುಗಿ ಐದನೆಯದರಲ್ಲಿ ಮರಾಠಿ ಹೇಗೆ ಓದುತ್ತಾಳೆ ಎಂಬುದು ಅವರ ಪ್ರಶ್ನೆ. ಒಂದು ಪುಸ್ತಕ ತೆರೆದು ಕೊಟ್ಟರು. ಅವಳು ಸಾಲಿನ ಕೆಳಗೆ ಬೆರಳಿಟ್ಟು, ಕಾಕಾನ ಹಾಗೆಯೇ ನಿಲ್ಲಿಸಿ ನಿಲ್ಲಿಸಿ, ಅರ್ಧ ಪುಟ ಓದಿದಳು. ಶಿಕ್ಷಕಿ ರಿಜಿಸ್ಟರು ಎಳೆದುಕೊಂಡರು.

ಹತ್ತನೆಯವರೆಗೂ ಅವಳು ಬದಲಾಪುರದಲ್ಲೇ ಓದಿದಳು. ಸ್ಕಾಲರ್‌ಶಿಪ್ ಮೊತ್ತ ಬರುವಷ್ಟರಲ್ಲಿ ಇನ್ನೂ ಎರಡು ಸಲ ನಾನು ಕಾಗದ ಹಿಡಿದು ಓಡಾಡಬೇಕಾಯಿತು, ಓಡಾಡಿದೆ. ಅವಳ ತಾಯಿ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದರು, ಚಹಾ ಕೊಡುತ್ತಿದ್ದರು. ಆದರೆ ಮೊದಲಿನ ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಬದಲಾಪುರದಿಂದ ಆ ದಿನ ಮನೆಗೆ ಬಂದಾಗ ಮಗಳು ಕಾಯುತ್ತಿದ್ದಳು. "ಸೇರಿಸಿಕೊಂಡರಾ?" ಎಂದು ಕೇಳಿದಳು. ಸೇರಿಸಿಕೊಂಡರು ಎಂದೆ. ಅವಳು ತನ್ನ ಅಂಕಪಟ್ಟಿ ತಂದು ನನ್ನ ಪಕ್ಕ ಕೂತು, ಗಣಿತದಲ್ಲಿ ಎಲ್ಲೆಲ್ಲಿ ತಪ್ಪಿರಬಹುದು ಎಂದು ಕೇಳತೊಡಗಿದಳು.