ಗೋದಲಿಯೊಳಗಿನ ಗುಂಡಕಲ್ಲು

ಮಣಿಗಳ ಡಬ್ಬಿ ಮಗುಚಿ ಬಿದ್ದ ಝಣಝಣ ಸದ್ದು ಕೇಳಿದೊಡನೆ ಬೀಬೀಜಾನ ನೆಲ ಒರೆಸುವ ಮಾಪನ್ನು ಗೋಡೆಗೆ ಒರಗಿಸಿದಳು. ಯಾರೋ ಪುಣ್ಯ ಕಟ್ಟಿಕೊಳ್ಳಲು ಶುರುಮಾಡಿದರು ಅಂದುಕೊಂಡಳು. ತರಗತಿಯೊಳಗೆ ಇಣುಕಿದರೆ ಅವಳ ಅಂದಾಜು ತಪ್ಪಿರಲಿಲ್ಲ. ಡಬ್ಬಿ ಬೀಳಿಸಿದ ಮಗುವೇ ಮಂಡಿಯೂರಿ ಮಣಿ ಹೆಕ್ಕುತ್ತ, ಒಂದು ಕಣ್ಣನ್ನು ಟೀಚರ್ ಮೇಲೆ ನೆಟ್ಟಿತ್ತು.

"ಟೀಚರ್, ಮೈನೇ ಉಠಾಯಾ! ಘಾಸ್ ದೋ!"

ಜೋಗೇಶ್ವರಿಯ ಇಗರ್ಜಿಯೊಂದರ ಅಂಗಳದಲ್ಲಿರುವ ಆ ಶಿಶುವಿಹಾರದಲ್ಲಿ ಡಿಸೆಂಬರ್ ಬಂತೆಂದರೆ ಹೀಗೆಯೇ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ ಅಡ್ವೆಂಟ್, ಕಾಯುವ ಕಾಲ. ಸೇಬು ತುಂಬಿ ಬಂದ ಮರದ ಪೆಟ್ಟಿಗೆಯೊಂದನ್ನು, ಯೇಸು ಹುಟ್ಟಿದಾಗ ಮಲಗಿದ ದನದ ಮೇವಿನ ತೊಟ್ಟಿಯ ನೆನಪಿಗೆ, ಗೋದಲಿ ಮಾಡಿ ಕಿಟಕಿಯ ಕೆಳಗೆ ಇಡುತ್ತಾರೆ. ಒಳ್ಳೆಯ ಕೆಲಸ ಮಾಡಿದ ಮಗು ಅದರೊಳಗೆ ಒಂದು ಎಳೆ ಒಣಹುಲ್ಲು ಹಾಕುತ್ತದೆ. ಹಬ್ಬದ ಹೊತ್ತಿಗೆ ಬಾಲಯೇಸುವಿಗೆ ಮೆತ್ತನೆಯ ಹಾಸಿಗೆ ಸಿದ್ಧವಾಗಬೇಕು. ಗೊಂಬೆಯನ್ನು ಮಲಗಿಸುವುದು ರಜೆಗೆ ಮುಂಚಿನ ಕೊನೆಯ ಶುಕ್ರವಾರ. ಅಲ್ಲಿಯವರೆಗೆ ಗೋದಲಿ ಖಾಲಿ.

ಪಾಠವೇನೋ ಚಂದ. ಆದರೆ ನಾಲ್ಕು ವರ್ಷದವರಿಗೆ ಒಳ್ಳೆಯ ಕೆಲಸ ಅಷ್ಟು ಸುಲಭಕ್ಕೆ ಸಿಗುವುದಿಲ್ಲ, ಮೊದಲು ಒಂದು ಕೆಟ್ಟ ಕೆಲಸ ಮಾಡಿ ಅದನ್ನು ಹುಟ್ಟಿಸಿಕೊಳ್ಳಬೇಕು. ನೀರು ಚೆಲ್ಲಿ ಒರೆಸಿದರು. ಗೆಳೆಯನ ಚಪ್ಪಲಿ ಅಡಗಿಸಿಟ್ಟು ಹುಡುಕಿಕೊಟ್ಟರು. ಒಬ್ಬ ತಳ್ಳುವುದು, ಇನ್ನೊಬ್ಬ ಎತ್ತುವುದು ಎಂಬ ಒಪ್ಪಂದವೂ ಆಗಿತ್ತು. ಬಿದ್ದವನಿಗೂ ಒಂದೆಳೆ ಸಿಗಬೇಕೆಂಬ ತಕರಾರು ಟೀಚರವರೆಗೆ ಹೋಗಿತ್ತು.

"ನಿಮ್ಮ ದೇವರ ಹಾಸಿಗಿ ದಪ್ಪ ಆದಂಗ ನನ್ನ ಸೊಂಟ ಮುರಿಯಾಕತ್ತೈತ್ರಿ ಟೀಚರ," ಎಂದಳು ಬೀಬೀಜಾನ, ಕಪಾಟಿನ ಅಡಿಯಿಂದ ಮಣಿ ಗುಡಿಸಿ ತೆಗೆಯುತ್ತ.

"ಎಂಥ ಮಾಡುದು ಬೀಬೀಜಾನಮ್ಮ, ನನ್ನ ಪಾಠದ ಪುಸ್ತಕದಲ್ಲಿ ಹೀಗೇ ಉಂಟಲ್ಲ," ಎಂದಳು ಲಾವಣ್ಯಾ. ಉಡುಪಿ ಕಡೆಯ ಪ್ರಾಟೆಸ್ಟೆಂಟರ ಮನೆಯ ಹುಡುಗಿ. ಟೀಚರಾಗಿ ಇದು ಅವಳ ಮೊದಲ ಡಿಸೆಂಬರ್.

ಬೀಬೀಜಾನಳಿಗೆ ಇದು ಹತ್ತೊಂಬತ್ತನೆಯದು. ಇಂಡಿ ತಾಲೂಕಿನಿಂದ ಮದುವೆಯಾಗಿ ಗಂಡ ಅಲ್ಲಾವುದ್ದೀನನ ಹಿಂದೆ ಬಂದವಳು ಜೋಗೇಶ್ವರಿಯ ಚಾಳಿನಲ್ಲಿ ಮೂರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ, ಆಮೇಲೆ ಊರವರ ಮಕ್ಕಳ ಮೂಗು ಒರೆಸಲು ನಿಂತವಳು. ಯಾವ ಚಡ್ಡಿ ಒದ್ದೆಯಾಗಿದೆಯೆಂದು ಬಾಗಿಲಲ್ಲಿ ನಿಂತೇ ಹೇಳಬಲ್ಲಳು. ಕನ್ನಡ, ದಖನಿ, ಮರಾಠಿ ಮೂರರಲ್ಲೂ ಗದರುತ್ತಾಳೆ, ಮೂರಕ್ಕೂ ಯಾವ ಮಗುವೂ ಹೆದರಿದ್ದಿಲ್ಲ. ಅವಳು ಮಾಡುವ ಕೆಲಸಗಳಲ್ಲಿ ಯಾರೂ ಹೇಳದೆ ತಾನಾಗಿ ಹಿಡಿದದ್ದು ಒಂದೇ, ಗೋದಲಿಯದು. ಮೊದಲ ವರ್ಷ ಹಣ್ಣಿನ ಗಾಡಿಯವನ ಹತ್ತಿರ ಹುಲ್ಲು ಕೇಳಿ ತಂದಿದ್ದಳು. ಅಂದಿನಿಂದ ಪ್ರತಿ ಡಿಸೆಂಬರಿನಲ್ಲಿ ಗೊಂಬೆಯ ಕಪಾಟಿನ ಕೀಲಿ ಅವಳ ಸೊಂಟದಲ್ಲಿ. ಹನ್ನೊಂದು ತಿಂಗಳು ಅವಳು ಆಯಾ, ಮಕ್ಕಳ ಬಾಯಲ್ಲಿ ಮೌಶಿ. ಡಿಸೆಂಬರಿನಲ್ಲಿ ಗೋದಲಿಯ ಯಜಮಾನಿ.

ಆ ಯಜಮಾನಿಕೆಯಲ್ಲಿ ಒಂದು ಗುಟ್ಟಿತ್ತು. ಮಗು ಮಲಗಬೇಕಾದ ಜಾಗ ಖಾಲಿ ಬಿದ್ದಿರುವುದನ್ನು ಬೀಬೀಜಾನ ನೋಡಲಾರಳು. ಊರಲ್ಲಿ ಅವಳ ಓಣಿಯ ಸೂಲಗಿತ್ತಿ ನಾಗವ್ವ, ಮುಸಲ್ಮಾನರ ಮನೆಯಾಗಲಿ ಲಿಂಗಾಯತರ ಮನೆಯಾಗಲಿ, ಕೂಸಿಗಿಂತ ಮೊದಲು ಒಂದು ಗುಂಡಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಿಗೆ ಹಾಕುತ್ತಿದ್ದಳು. ಖಾಲಿ ತೊಟ್ಟಿಲು ತೂಗಿದರೆ ಬರುವ ಕೂಸಿಗೆ ಹೊಟ್ಟೆನೋವು; ಕಲ್ಲು ಮಲಗಿದರೆ ಕೂಸು ಕಲ್ಲಿನಂತೆ ಗಟ್ಟಿ. ಬೀಬೀಜಾನಳ ಮೂರೂ ಮಕ್ಕಳು ಹಾಗೆ ಕಲ್ಲಿನ ತಮ್ಮಂದಿರು. ಹೀಗಾಗಿ ಅವಳು ಹತ್ತೊಂಬತ್ತು ವರ್ಷದಿಂದಲೂ ಮನೆಯ ಖಾರ ಕುಟ್ಟುವ ಗುಂಡನ್ನು ಹಳೆಯ ದುಪಟ್ಟಾದ ತುಂಡಿನಲ್ಲಿ ಸುತ್ತಿ, ತಳಕ್ಕೆ ತಾನೇ ಹಾಸಿದ ಹುಲ್ಲಿನಡಿ ಹುದುಗಿಸಿ, ಕೊನೆಯ ಶುಕ್ರವಾರ ಬೆಳಿಗ್ಗೆ ಸದ್ದಿಲ್ಲದೆ ತೆಗೆದೊಯ್ಯುತ್ತಿದ್ದಳು. ಆ ನಾಲ್ಕು ವಾರ ಮನೆಯಲ್ಲಿ ಅಲ್ಲಾವುದ್ದೀನ ಅಂಗಡಿಯ ಖಾರಪುಡಿ ತಿಂದು ಗೊಣಗುತ್ತಿದ್ದ.

ಈ ವರ್ಷ ಗುಟ್ಟು ಬಯಲು ಮಾಡಿದವಳು ಯಕ್ಷಿತಾ. ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರ ಮ್ಯಾನೇಜರನ ಮಗಳು, ಎರಡು ಜುಟ್ಟು, ಮುಂದಿನ ಹಲ್ಲೊಂದು ಅರ್ಧ. ಮೂರು ವಾರವಾದರೂ ಅವಳ ಹೆಸರಿನಲ್ಲಿ ಒಂದೇ ಒಂದು ಹುಲ್ಲಿನ ಎಳೆ ಇರಲಿಲ್ಲ. ಚೆಲ್ಲುವುದು ಅವಳಿಗೂ ಬರುತ್ತಿತ್ತು, ಒರೆಸುವ ಹೊತ್ತಿಗೆ ಬೇಸರ ಬರುತ್ತಿತ್ತು. ಅಂದು ಎಲ್ಲರೂ ಕಾಗದದ ನಕ್ಷತ್ರಕ್ಕೆ ಅಂಟು ಹಚ್ಚುತ್ತಿರುವಾಗ ಅವಳು ಹುಲ್ಲಿನೊಳಗೆ ಮೊಳಕೈವರೆಗೂ ಕೈ ಹಾಕಿ, ಸಿಕ್ಕ ಬಟ್ಟೆಯ ಗಂಟನ್ನು ಬಿಚ್ಚಿದಳು.

"ಬೇಬಿ ಆ ಗಯಾ! ಕಾಲಾ ಹೈ! ಗೋಲ್ ಹೈ!"

ಅಂಟಿನ ಕೈಗಳೆಲ್ಲ ಓಡಿದವು. ಒಬ್ಬಳು ಮುತ್ತು ಕೊಟ್ಟು ಎರಡು ಸಲ ಸೀನಿದಳು. ದೇವರಿಗೆ ಬೆಳ್ಳುಳ್ಳಿ ಖಾರದ ವಾಸನೆ ಬರುತ್ತದೆಂದು ಇನ್ನೊಬ್ಬ ಸಾರಿದ. ಮಗು ಬಂದಾಯಿತು, ಇನ್ನು ಯಾರೂ ಒಳ್ಳೆಯವರಾಗಬೇಕಿಲ್ಲ ಎಂದು ಮೂರನೆಯವನು ತೀರ್ಮಾನಿಸಿ ಪಕ್ಕದವನ ಬಿಸ್ಕೀಟು ಕಸಿದ.

ಗದ್ದಲಕ್ಕೆ ಮುಖ್ಯಸ್ಥೆ ಹಿಲ್ಡಾ ಮಿಸ್ ಬಂದರು. ಮಂಗಳೂರಿನವರು, ದಿನಾ ಬೊರಿವಲಿಯಿಂದ ಲೋಕಲ್ ರೈಲಿನಲ್ಲಿ ಬರುವವರು, ಇಸ್ತ್ರಿಯ ಗೆರೆ ಮುರಿಯದ ಸೀರೆ. ಕಲ್ಲನ್ನು ನೋಡಿದರು, ದುಪಟ್ಟಾದ ತುಂಡನ್ನು ನೋಡಿದರು, ಬೀಬೀಜಾನಳನ್ನು ನೋಡಿದರು.

"ಇದು ನಿಮ್ದಾ?"

"ಹೌದ್ರಿ ಮಿಸ್. ಖಾಲಿ ಇಡಬಾರದ್ರಿ. ಕೂಸಿನ ಹೊಟ್ಟಿ ನೋಯ್ತೈತಿ."

"ಅದು ಖಾಲಿ ಇರುವುದೇ ಪಾಠ ಮಾರಾಯ್ತಿ! ಖಾಲಿ ನೋಡಿ ಮಕ್ಕಳು ಕಾಯ್ಲಿಕ್ಕೆ ಕಲೀಬೇಕು. ಶುಕ್ರವಾರ ಫಾದರ್ ಬರ್ತಾರೆ, ಪೇರೆಂಟ್ಸ್ ಬರ್ತಾರೆ. ಗೋದಲಿಯಲ್ಲಿ ಮಸಾಲೆ ಕಲ್ಲು ಕಂಡ್ರೆ ನಾನು ಎಂಥ ಹೇಳುದು?"

"ಹತ್ತೊಂಬತ್ತ ವರ್ಷ ಯಾರಿಗೂ ಕಂಡಿಲ್ಲರಿ."

ಆ ಮಾತು ಹೇಳಬಾರದಿತ್ತು. ಹಿಲ್ಡಾ ಮಿಸ್ ಅವರ ಹುಬ್ಬು ಕನ್ನಡಕದ ಮೇಲಕ್ಕೆ ಹೋಯಿತು. "ಕೀಲಿ ಕೊಡಿ. ಇನ್ನು ಮುಂದೆ ಇದನ್ನು ಲಾವಣ್ಯಾ ನೋಡಿಕೊಳ್ತಾಳೆ."

ಬೀಬೀಜಾನ ಸೊಂಟದಿಂದ ಕೀಲಿ ಬಿಚ್ಚಿಕೊಟ್ಟಳು, ಕಲ್ಲನ್ನು ಚೀಲಕ್ಕೆ ಹಾಕಿಕೊಂಡಳು. ಆ ದಿನ ಅವಳು ಯಾರನ್ನೂ ಗದರಲಿಲ್ಲ ಎಂಬುದನ್ನು ಮಕ್ಕಳು ಮಾತ್ರ ಗಮನಿಸಿದರು. ಮನೆಗೆ ಹೊರಟಾಗ ಯಕ್ಷಿತಾ ಅವಳ ಸೆರಗು ಜಗ್ಗಿದಳು.

"ಮೌಶಿ, ಬೇಬಿ ಕೋ ಕ್ಯೂಂ ಲೇ ಗಯೀ?"

"ಅದು ಬೇಬಿ ಅಲ್ಲವ್ವಾ. ಬೇಬಿ ಬರೂತನ ಜಾಗಾ ಹಿಡಿಯಾಕ ಇಟ್ಟಿದ್ದೆ. ಈಗ ಜಾಗಾ ಖಾಲಿ."

ಮರುದಿನ ಹಾಜರಿ ಕರೆದಾಗ ಯಕ್ಷಿತಾ ಓಗೊಡಲಿಲ್ಲ. ಎರಡು ನಿಮಿಷ ಹುಡುಕಿದ ಮೇಲೆ ಲಾವಣ್ಯಾಗೆ ಕಂಡದ್ದು ಕಿಟಕಿಯ ಕೆಳಗೆ ಪೆಟ್ಟಿಗೆಯಿಂದ ಹೊರಚಾಚಿದ ಎರಡು ಬೂಟುಗಳು. ಯಕ್ಷಿತಾ ಕಾಲು ಮಡಚಿ, ಕಣ್ಣು ಬಿಗಿಯಾಗಿ ಮುಚ್ಚಿ, ಮೂರು ವಾರದ ಪುಣ್ಯದ ಮೇಲೆ ಮಲಗಿದ್ದಳು. ಅವಳನ್ನು ಎತ್ತಿ ಕೂರಿಸಿದರೆ ಇನ್ನೊಬ್ಬ ಹೋಗಿ ಮಲಗಿದ. ಅವನನ್ನು ಎಬ್ಬಿಸುವಷ್ಟರಲ್ಲಿ ಸರದಿ ಸಾಲೇ ನಿಂತಿತ್ತು. ಯಾರು ಎಷ್ಟು ಹೊತ್ತು ಮಲಗಬೇಕೆಂದು ಯಕ್ಷಿತಾ ಬೆರಳು ಎಣಿಸಿ ಹೇಳುತ್ತಿದ್ದಳು. ಹತ್ತೂವರೆಗೆ ಪೆಟ್ಟಿಗೆಯ ಹಲಗೆಯೊಂದು ಟಕ್ಕೆಂದು ಮುರಿಯಿತು. ಬೀಬೀಜಾನ ಬಾಗಿಲಲ್ಲಿ ನಿಂತು ನೆಲ ಒರೆಸುತ್ತಿದ್ದಳು, ಒಂದೇ ಜಾಗವನ್ನು, ಅರ್ಧ ಗಂಟೆಯಿಂದ.

"ಬೀಬೀಜಾನಮ್ಮ, ಸ್ವಲ್ಪ ಹೇಳಿ ಮಾರಾಯ್ರೆ ಇವರಿಗೆ!"

"ನಂಗೇನ್ ತಿಳೀತೈತ್ರಿ ಟೀಚರ, ಈಗ ನೀವಲ್ಲೇನ್ರಿ ಯಜಮಾನ್ರು."

ಹಿಲ್ಡಾ ಮಿಸ್ ಬಂದಾಗ ಗೋದಲಿಯಲ್ಲಿ ಮತ್ತೆ ಯಕ್ಷಿತಾಳ ಸರದಿ.

"ಏಳು! ಇಲ್ಲಿ ಯಾಕೆ ಮಲಗಿದ್ದು?"

"ಜಗಾ ಪಕಡೀ ಹೂಂ, ಮಿಸ್," ಎಂದಳು ಯಕ್ಷಿತಾ ಕಣ್ಣು ತೆರೆಯದೆ. "ಮಮ್ಮಿ ಲೋಕಲ್ ಮೇಂ ರೂಮಾಲ್ ರಖತೀ ಹೈ ನಾ, ಆಂಟಿ ಕೇ ಲಿಯೇ. ಬೇಬಿ ಆಯೇಗಾ ತೋ ಮೈ ಉಠೂಂಗೀ."

ಹಿಲ್ಡಾ ಮಿಸ್ ಅವಳನ್ನು ಎಬ್ಬಿಸಲು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅಂದು ಬೆಳಿಗ್ಗೆ ಬೊರಿವಲಿ ನಿಲ್ದಾಣದಲ್ಲಿ, ಏದುಸಿರು ಬಿಡುತ್ತ ಮೆಟ್ಟಿಲಿಳಿಯುತ್ತಿದ್ದ ಗೆಳತಿಗಾಗಿ, ಯಕ್ಷಿತಾಳ ಅಮ್ಮ ರೂಮಾಲು ಹಾಕಿ ಸೀಟು ಹಿಡಿಯುವಂತೆ ಅವರೇ ತಮ್ಮ ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟು ನಾಲ್ಕು ಹೆಂಗಸರೊಡನೆ ಜಗಳವಾಡಿದ್ದರು. ಸೀಟು ಖಾಲಿ ಇತ್ತೆಂದು ಆಗ ಯಾರಾದರೂ ಅಂದಿದ್ದರೆ ಅವರು ಒಪ್ಪುತ್ತಿರಲಿಲ್ಲ.

"ಇವಳಿಗೊಂದು ಹುಲ್ಲು ಕೊಡು," ಎಂದರು ಲಾವಣ್ಯಾಗೆ. ಆಮೇಲೆ ಕಾರಿಡಾರಿಗೆ ಬಂದು ಬೀಬೀಜಾನಳೆದುರು ನಿಂತು, ಗೋಡೆಯ ಕಡೆ ಮುಖ ಮಾಡಿ ಕೇಳಿದರು.

"ಆ ಕಲ್ಲು ಎಲ್ಲುಂಟು?"

"ಮನ್ಯಾಗೈತ್ರಿ. ರಾತ್ರಿ ಖಾರ ಕುಟ್ಟೀನಿ. ನಮ್ಮ ಮನಿಯವ್ರು ಖುಷಿಯಾಗಿ ಎರಡ ರೊಟ್ಟಿ ಹೆಚ್ಚಿಗಿ ತಿಂದ್ರು."

"ನಾಳೆ ತನ್ನಿ."

"ಅಯ್ಯ, ಮಸಾಲಿ ಕಲ್ಲು ಅಂದ್ರಲ್ಲರಿ ನಿನ್ನೆ?"

"ಬೀಬೀಜಾನ್!"

"ಟೀಚರನ್ನ ಕೇಳಬೇಕರಿ ನಾನು. ಗ್ವಾದ್ಲಿ ಅವರದು."

ಹಿಲ್ಡಾ ಮಿಸ್ ಕೈ ಮುಂದೆ ಮಾಡಿದರು. ಅಂಗೈಯಲ್ಲಿ ಕಪಾಟಿನ ಕೀಲಿ. "ತಗೊಳ್ಳಿ. ಆದ್ರೆ ಕೇಳಿ, ಸಾಬೂನು ಹಾಕಿ ತೊಳೀಬೇಕು. ಹುಲ್ಲಿನ ಅಡಿಯಲ್ಲಿಯೇ ಇರಬೇಕು. ಶುಕ್ರವಾರ ಫಾದರ್ ಬರುವುದಕ್ಕೆ ಮುಂಚೆ ತೆಗೀಬೇಕು. ಮತ್ತೆ ಆ ಪೆಟ್ಟಿಗೆಯ ಹಲಗೆ..."

ಬಾತ್‌ರೂಮಿನ ಕಡೆಯಿಂದ, ತೊಳೆಸಿಕೊಳ್ಳಲು ಕಾದಿದ್ದ ಎಳೆಯ ದನಿಯೊಂದು ಇಡೀ ಇಗರ್ಜಿಗೆ ಕೇಳುವಂತೆ ಕೂಗಿತು: "ಮೌಶೀ! ಹೋ ಗಯೀ!"

"ಕೈ ಹಸಿ ಅದಾವ್ರಿ ಮಿಸ್, ನೀವ ಹಿಡಕೊಂಡಿರ್ರಿ," ಎಂದು ಬೀಬೀಜಾನ ಮಾಪನ್ನು ಅವರ ಇನ್ನೊಂದು ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಹಿಂದೆ ತಿರುಗಿ ನೋಡದೆ ನಡೆದಳು.