ನಾನು ಬರೆಸಿದ ಪದಬಂಧ

ಬೆಳಿಗ್ಗೆ ಏಳೂಕಾಲಿಗೆ ಸರಿಯಾಗಿ ಭದ್ರಾವತಿಯಿಂದ ಅಕ್ಕನ ಫೋನು ಬರುತ್ತಿತ್ತು. ಆ ಹೊತ್ತಿಗೆ ನನ್ನ ಅಡುಗೆಮನೆಯಲ್ಲಿ ಒಂದು ಒಲೆಯ ಮೇಲೆ ದೋಸೆ ಕಾವಲಿ, ಇನ್ನೊಂದರ ಮೇಲೆ ಹಾಲು. ಎಂಟಕ್ಕೆ ಶಿವಮೊಗ್ಗದ ರಾಗಿಗುಡ್ಡದ ಮನೆಗೆ ಬೀಗ ಹಾಕಿ ಹೊರಟರೆ ಮಾತ್ರ ಶಂಕರಘಟ್ಟದ ಕಡೆಯ ಬಸ್ಸು ಸಿಗುವುದು. ಆ ದಾರಿಯಲ್ಲೇ ನಾನು ಪಾಠ ಹೇಳುವ ಹೈಸ್ಕೂಲು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ, ಬೆಳಗಿನ ಹೊತ್ತು ಕೇಳುವುದೇ ಬೇಡ. ಫೋನನ್ನು ಸ್ಪೀಕರಿಗೆ ಹಾಕಿ, ಸಕ್ಕರೆ ಡಬ್ಬಿಗೆ ಒರಗಿಸಿ, "ಹೂಂ, ಓದು" ಎನ್ನುತ್ತಿದ್ದೆ.

ಅಕ್ಕ ಪತ್ರಿಕೆಯ ಪದಬಂಧದ ಸುಳಿವು ಓದುತ್ತಿದ್ದಳು. ಅದು ದಿನಕ್ಕೊಂದು ವಿಷಯದ ಪದಬಂಧ. ಇವತ್ತು ಉತ್ತರಗಳೆಲ್ಲ ಅಡುಗೆಮನೆಯವಾದರೆ ನಾಳೆ ಹಕ್ಕಿಗಳು, ನಾಡಿದ್ದು ನದಿಗಳು.

ಹೋದ ವರ್ಷ ಅವಳಿಗೆ ಸ್ಟ್ರೋಕ್ ಆಯಿತು. ಕೈಕಾಲು ದೇವರ ದಯೆಯಿಂದ ಬೇಗ ಸರಿಹೋದವು. ಮಾತೂ ಬಂತು. ಬಾರದೆ ಉಳಿದದ್ದು ವಸ್ತುಗಳ ಹೆಸರು. "ರೀ, ಅದನ್ನ ಕೊಡಿ, ಆ ಮಳೆಗೆ ಹಿಡ್ಕೊಳ್ಳೋದು" ಎಂದು ಭಾವನನ್ನು ಕೇಳುತ್ತಿದ್ದಳು. ಆ ಛತ್ರಿಯ ಬಣ್ಣ ಗೊತ್ತು, ಯಾವ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದದ್ದು ಎನ್ನುವುದೂ ಗೊತ್ತು. ಹೆಸರು ಮಾತ್ರ ಇಲ್ಲ. ಭಾವನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳವಾಡಿ ಗೆದ್ದು ಬರುತ್ತಿದ್ದವಳು ಈಗ ತರಕಾರಿ ಗಾಡಿಯ ಮುಂದೆ ಬೆರಳು ತೋರಿಸುತ್ತಾ ನಿಲ್ಲುತ್ತಿದ್ದಳು.

ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಅವಳಿಗೆ ಮಾತಿನ ತರಬೇತಿ ಕೊಡುತ್ತಿದ್ದ ಮೇಡಂ, ದಿನಾ ಪದಬಂಧ ಮಾಡಿಸಿ ಎಂದರಂತೆ. ಭಾವ ಆ ಮಾತನ್ನು ನನಗೆ ದಾಟಿಸಿದರು. ಮೂವತ್ತು ವರ್ಷ ಮಿಷನ್ನುಗಳ ನಡುವೆ ದುಡಿದು ನಿವೃತ್ತರಾದ ಅವರ ಪ್ರಕಾರ ಪದಬಂಧವೆಂದರೆ ಪತ್ರಿಕೆಯಲ್ಲಿ ದಂಡವಾದ ಜಾಗ. "ಅದೆಲ್ಲ ನಿನ್ನಂಥ ಟೀಚರಮ್ಮಂಗೇ ಸರಿ. ನೀನೇ ಮಾಡ್ಸು ಮಾರಾಯ್ತಿ" ಎಂದು ಕೈತೊಳೆದುಕೊಂಡು, ಆ ಹೊತ್ತಿಗೆ ವಾಕಿಂಗ್ ಹೊರಡುತ್ತಿದ್ದರು.

"ಚಪಾತಿ ಒತ್ತುವ ಸಾಧನ. ನಾಲ್ಕಕ್ಷರ," ಅಕ್ಕ ಓದುತ್ತಿದ್ದಳು. "ಅದೇ ಕಣೆ, ಅದು... ಹಿಂಗೆ ಹಿಂಗೆ ಉರುಳಿಸ್ತೀವಲ್ಲ."

ನಾನು ಎರಡು ಉಸಿರಿನಷ್ಟು ಕಾಯುತ್ತಿದ್ದೆ. ಅಷ್ಟರಲ್ಲಿ ದೋಸೆ ಸೀಯುವ ವಾಸನೆ.

"ಲಟ್ಟಣಿಗೆ. ಬರ್ಕೋ. ಮುಂದಿಂದು?"

ಹೇಳಿದ್ದನ್ನು ಬರೆಯಲು ಅವಳಿಗೆ ಕಷ್ಟವಿರಲಿಲ್ಲ. ಹದಿನೈದು ನಿಮಿಷದಲ್ಲಿ ಪದಬಂಧದ ಮನೆಗಳೆಲ್ಲ ಭರ್ತಿ. ಅದರ ಫೋಟೋ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗುತ್ತಿತ್ತು. "ಸೂಪರ್ ದೊಡ್ಡಮ್ಮ" ಎಂದು ಯಾರೋ ಹಾಕಿದರೆ, ಉಳಿದವರು ಹೆಬ್ಬೆರಳು ಎತ್ತುತ್ತಿದ್ದರು. ಬಸ್ಸಿನಲ್ಲಿ ಶಂಕರಘಟ್ಟದ ವಿಶ್ವವಿದ್ಯಾಲಯದ ಹುಡುಗರ ನಡುವೆ ನಿಂತುಕೊಂಡೇ ಅದನ್ನೆಲ್ಲ ನೋಡಿ ನಾನು ಒಳಗೊಳಗೇ ಬೀಗುತ್ತಿದ್ದೆ. ಅಕ್ಕನನ್ನು ನಾನೇ ಸರಿಮಾಡುತ್ತಿದ್ದೇನೆ ಎಂದು ನಿಜವಾಗಿ ನಂಬಿದ್ದೆ.

ಒಮ್ಮೆ, ಹಿಂದಿನ ವಾರ ಬಂದಿದ್ದ ಜರಡಿ ಮತ್ತೆ ಬಂತು. ಅವಳು ಮತ್ತೆ ತಡವರಿಸಿದಳು. "ಮೊನ್ನೆ ತಾನೆ ಬರ್ಸಿದ್ದೆ ಅಲ್ವಾ? ಎಲ್ಲಿರುತ್ತೆ ನಿನ್ನ ಗಮನ?" ಎಂದು ರೇಗಿದೆ. ಕೊನೆಯ ಬೆಂಚಿನವರನ್ನು ಗದರಿಸುವ ಅದೇ ದನಿ. ಅವಳು, "ಹೇಳು, ಬರ್ಕೋತೀನಿ" ಎಂದಳು.

ಮೂರು ತಿಂಗಳ ಬಳಿಕ ಮೇಡಂ ಅವಳನ್ನು ಮತ್ತೆ ಪರೀಕ್ಷಿಸುವ ದಿನ ನಾನೂ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಭಾವನ ಕಂಕುಳಲ್ಲಿ ಒಂದು ಫೈಲು. ಪದಬಂಧಗಳನ್ನೆಲ್ಲ ಕತ್ತರಿಸಿ, ಒಂದೂ ಬಿಡದೆ ಜೋಡಿಸಿಟ್ಟಿದ್ದರು. ಮೇಡಂ ಅಕ್ಕನ ಮುಂದೆ ಒಂದೊಂದೇ ಚಿತ್ರ ಇಟ್ಟರು. ಹತ್ತು ಚಿತ್ರಗಳಲ್ಲಿ ಬೆಕ್ಕು, ಬಾಳೆಹಣ್ಣು ಎರಡಕ್ಕೆ ಮಾತ್ರ ಹೆಸರು ಬಂತು. ಮೂರು ತಿಂಗಳ ಹಿಂದೆಯೂ ಬಂದದ್ದು ಅವೆರಡೇ ಎಂದು ಮೇಡಂ ಹಳೆಯ ಹಾಳೆ ನೋಡಿ ಹೇಳಿದರು. ಲಟ್ಟಣಿಗೆಯ ಚಿತ್ರ ಬಂದಾಗ ಅಕ್ಕ ಮೇಜಿನ ಮೇಲೆ ಎರಡೂ ಅಂಗೈ ಇಟ್ಟು ಹಿಂದೆ ಮುಂದೆ ಉರುಳಿಸಿದಳು. ಮೇಲ್ದುಟಿಯ ಮೇಲೆ ಬೆವರು ಮೂಡಿತ್ತು.

ಭಾವ ಫೈಲು ಮುಂದೆ ತಳ್ಳಿದರು. "ನೋಡಿ ಮೇಡಂ, ಒಂದು ದಿನಾನೂ ತಪ್ಸಿಲ್ಲ. ಒಂದು ಮನೇನೂ ಖಾಲಿ ಇಲ್ಲ."

ಮೇಡಂ ಹಾಳೆ ತಿರುವುತ್ತಾ ಒಂದು ಕಡೆ ನಿಂತರು. ಅಕ್ಕನ ದುಂಡು ಅಕ್ಷರದಲ್ಲಿ ಲಟ್ಟಣಿಗೆ ಎಂದಿತ್ತು. "ಇದನ್ನ ನೀವೇ ಹುಡುಕಿದ್ರಾ ಅಮ್ಮ?"

ಅಕ್ಕ ನನ್ನ ಕಡೆ ನೋಡಲಿಲ್ಲ. "ನಾನೇ" ಎಂದಳು.

ಕಾಪಿ ಹೊಡೆದ ಮಕ್ಕಳನ್ನು ಎಷ್ಟೋ ಸಲ ಹೆಡ್‌ಮಾಸ್ತರ ಮುಂದೆ ನಿಲ್ಲಿಸಿದವಳು ನಾನು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. "ಇಲ್ಲ ಮೇಡಂ, ನಾನು ಬರೆಸಿದ್ದು" ಎಂದೆ.

ಹೀಗೆ ಬರೆಸುವುದು ನಮ್ಮ ಕಸುಬಿನ ರೋಗ. ಶಾಲೆಗೆ ತಪಾಸಣೆಗೆ ಬಂದವರು ಮೊದಲು ಕೇಳುವುದು ಮಕ್ಕಳ ನೋಟ್‌ಬುಕ್ಕನ್ನು. ಪ್ರಶ್ನೋತ್ತರ ಪೂರ್ತಿ ಇರಬೇಕು, ಕೆಂಪು ಮಸಿಯ ಗುರುತಿರಬೇಕು, ಖಾಲಿ ಜಾಗ ಇರಕೂಡದು. ಅದಕ್ಕೇ ನಾವು ಉತ್ತರಗಳನ್ನು ನಿಧಾನವಾಗಿ, ಎರಡೆರಡು ಸಲ ಹೇಳಿ ಬರೆಸುತ್ತೇವೆ. ಮಗುವಿಗೆ ಬಂತೋ ಬಿಟ್ಟಿತೋ, ನೋಟ್ಸ್ ಮುಗಿಯಿತು ಎಂದರೆ ಪಾಠ ಮುಗಿಯಿತು. ಪದಬಂಧ ಮಾಡಿಸಿ ಎಂದದ್ದು ನನ್ನ ಕಿವಿಗೆ ಭರ್ತಿ ಮಾಡಿಸಿ ಎಂದೇ ಕೇಳಿಸಿತ್ತು. ಹೇಗೆ ಮಾಡಿಸಬೇಕೆಂದು ಒಂದು ಮಾತು ವಿಚಾರಿಸಬೇಕು ಎಂದೂ ತೋಚಲಿಲ್ಲ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕೇಳಿದ್ದನ್ನ ಬರೆಯೋದು ಇವರಿಗೆ ಮೊದಲಿಂದ್ಲೂ ಬರುತ್ತೆ. ಬಾರ್ದೇ ಇರೋದು ಹೆಸರು ಹುಡುಕೋದು. ಆ ಕಷ್ಟಾನೇ ಇವರಿಗೆ ಔಷಧಿ" ಎಂದರು. ಇನ್ನು ಮುಂದೆ ಬೇಕಾದರೆ ಮೊದಲಕ್ಷರ ಹೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕು. ದಂಡವಾದ ಮೂರು ತಿಂಗಳಿಂದ ಏನಾದರೂ ನಷ್ಟವಾಯಿತೇ ಎಂದು ನಾನೇ ಕೇಳಿದೆ. "ಸ್ಟ್ರೋಕ್ ಆದ ಶುರುವಿನಲ್ಲಿ ಬಂದಷ್ಟು ಬೇಗ ಆಮೇಲೆ ಬರಲ್ಲ. ಬರೋದೇ ಇಲ್ಲ ಅಂತಲ್ಲ" ಎಂದು ಕಣ್ಣು ತಗ್ಗಿಸಿದರು.

ಭಾವ ಔಷಧಿ ತರಲು ಹೋದರು. ನಾನೂ ಅಕ್ಕನೂ ಕ್ಯಾಂಟೀನಿನಲ್ಲಿ ಕೂತೆವು. ನಾಚಿಕೆಯೂ ನನಗೆ ಸಿಟ್ಟಾಗಿಯೇ ಹೊರಗೆ ಬರುತ್ತದೆ. "ನಾನೇ ಅಂತ ಯಾಕಂದೆ? ಹೇಳ್ಕೊಡ್ಬೇಡ ಅಂತ ನಂಗೊಂದು ಮಾತು ಹೇಳೋಕಾಗ್ಲಿಲ್ವಾ ನಿಂಗೆ?" ಎಂದೆ.

ಅಕ್ಕ ಟೀ ಲೋಟವನ್ನು ಕೆಳಗಿಟ್ಟಳು. "ತಡ ಮಾಡಿದ್ರೆ ನಿಂಗೆ ಸಿಟ್ಟು ಬರುತ್ತೆ. ಸಿಟ್ಟು ಬಂದ್ರೆ ನೀನು ಇಟ್ಬಿಡ್ತೀಯ, ಇದನ್ನ..." ಎಂದು ಕೈಯನ್ನು ಕಿವಿಗೆ ಹಿಡಿದು ತೋರಿಸಿದಳು. ಫೋನು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ಎಲ್ರೂ ನನ್ ಹತ್ರ ಮಾತು ಕಮ್ಮಿ ಮಾಡಿದಾರೆ ಕಣೆ. ನೀನೊಬ್ಳೇ ದಿನಾ ಸಿಗೋಳು" ಎಂದಳು. ನನಗೆ ಅಲ್ಲಿಯೇ ಅಳು ಬಂತು.

ಈಗ ಬೆಳಿಗ್ಗೆ ಆರೂವರೆಗೆ ನಾನೇ ಫೋನು ಮಾಡುತ್ತೇನೆ. ಒಲೆ ಹಚ್ಚುವುದು ಆಮೇಲೆ. ಕೆಲವು ಶಬ್ದಗಳು ಬಂದಿವೆ, ಕೆಲವು ಬಂದು ಮತ್ತೆ ಹೋಗಿವೆ. ಯಾವುದು ನಾನು ಕಳೆದದ್ದು, ಯಾವುದು ಕಾಯಿಲೆ ಕಳೆದದ್ದು ಎಂದು ಹೇಳುವವರಿಲ್ಲ, ಅದೇ ನನ್ನನ್ನು ಕೊರೆಯುವುದು.

ಹೋದ ವಾರ ಒಂದು ದಿನದ ವಿಷಯ ಬಂಧುಗಳು. "ಒಡಹುಟ್ಟಿದ ಕಿರಿಯಳು. ಎರಡಕ್ಷರ" ಎಂದು ಓದಿದ ಅಕ್ಕ ತಕ್ಷಣ, "ಅದು ನೀನು" ಎಂದಳು.

"ಹೌದು. ನಾನು ನಿಂಗೆ ಏನಾಗ್ಬೇಕು?"

ಉಸಿರು ಮಾತ್ರ ಕೇಳಿಸುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ, "ತಂ" ಎಂದೆ.

"ತಂಬಿಗೆ" ಎಂದಳು. ಮರುಕ್ಷಣ ಅವಳೇ, "ಅಲ್ಲ, ಅಲ್ಲ. ನೀನು ತಂಬಿಗೆ ಅಲ್ಲ" ಎಂದಾಗ ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಮತ್ತೆ ಮೌನ. ಉಳಿದದ್ದು ಒಂದೇ ಅಕ್ಷರ. ಹೇಳಿಬಿಡೋಣವೆಂದು ಜೀವ ಒದ್ದಾಡಿತು. ಈ ಸಲದ ಆತುರ ಬಸ್ಸಿಗಲ್ಲ, ಆ ಶಬ್ದ ಅವಳ ಬಾಯಲ್ಲಿ ಕೇಳಬೇಕೆಂಬ ಆಸೆ ನನಗೇ ಇತ್ತು. ಗಡಿಯಾರ ಏಳು ದಾಟಿತು.

"ಇಟ್ಬಿಟ್ಯಾ?" ಎಂದಳು ಅಕ್ಕ.

"ಇಲ್ಲ ಅಕ್ಕಾ, ಇದೀನಿ. ಹುಡುಕು."

ಅವಳು ಹುಡುಕಿದಳು. ಆ ದಿನ ಆ ಎರಡು ಮನೆಗಳು ಖಾಲಿಯೇ ಉಳಿದವು.